ಅತ್ತೆಯ ಕೈಗೆ ತಮಿಳು ಚೀಟಿ: ಸಿಂಗಪುರದ ಕ್ಲಿನಿಕ್ಕಿನಲ್ಲಿ ಕನ್ನಡದವರನ್ನು ಕೇಳುವವರು ಯಾರು?

ತುಮಕೂರು ಸೊಸೆ: ನಮ್ಮ ಅತ್ತೆಗೆ 68. ಸಿಂಗಪುರಕ್ಕೆ ಬಂದು 30 ವರ್ಷ ಆಯಿತು, ಇಲ್ಲಿಯ ಪ್ರಜೆ. ಸರ್ಕಾರದ ಆರೋಗ್ಯ ಯೋಜನೆ ‘ಹೆಲ್ದಿಯರ್ ಎಸ್‌ಜಿ’ಗೆ ಹೆಸರು ಕೊಟ್ಟು ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋಗುತ್ತಾರೆ. ಹೋದ ತಿಂಗಳು ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ, 8.4% ಬಂತು. ಮುಖ ನೋಡಿ ‘ಇಂಡಿಯನ್’ ಅಂತ ತಮಿಳು ಚೀಟಿ ಕೊಟ್ಟು ಕಳಿಸಿದರು. ಅತ್ತೆಗೆ ಮಾರ್ಕೆಟ್ ತಮಿಳು ಬರುತ್ತದೆ, ಓದಲು ಬರುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಊಟದ ಜೊತೆ ತಗೋಬೇಕು ಅಂತ ಗೊತ್ತಾಗದೆ ಮೂರು ವಾರ ಖಾಲಿ ಹೊಟ್ಟೆಗೆ ನುಂಗಿದ್ದಾರೆ. ದಿನಾ ಭೇದಿ. ಪಥ್ಯದ ಹಾಳೆಯಲ್ಲಿ ನಾಸಿ ಲೆಮಾಕ್ (ತೆಂಗಿನ ಹಾಲಿನ ಅನ್ನ), ಚಿಕನ್ ರೈಸ್, ದೋಸೆ ಎಲ್ಲ ಇದೆ. ಅವರು ತಿನ್ನುವ ಮುದ್ದೆ ಇಲ್ಲ.

ಸೆಂಗ್‌ಕಾಂಗ್ ವಾಸಿ: ‘30 ವರ್ಷ’ ಅಂದಿರಿ. ಅಷ್ಟರಲ್ಲಿ ನಾಲ್ಕು ಸಾಲು ಇಂಗ್ಲಿಷ್ ಕಲಿಯಬಹುದಿತ್ತು ಅಲ್ವಾ? ಇಲ್ಲಿ ಅಧಿಕೃತ ಭಾಷೆ ನಾಲ್ಕು: ಮಲಯ್, ಮ್ಯಾಂಡರಿನ್, ತಮಿಳು, ಇಂಗ್ಲಿಷ್. 2020ರ ಗಣತಿಯಲ್ಲಿ ಭಾರತೀಯರೆಲ್ಲ ಸೇರಿ 9%. ಅದರಲ್ಲಿ ಕನ್ನಡದವರಿಗೆ ಬೇರೆ ಚೀಟಿ ಅಚ್ಚು ಹಾಕಿಸಬೇಕಾ? ಸೇರಿದ ಪ್ರಜೆಗಳಿಗೆ ತಪಾಸಣೆ, ಲಸಿಕೆ ಪುಕ್ಕಟೆ ಸಿಗುತ್ತಿದೆ. ಅದನ್ನು ಯಾರೂ ಹೇಳುವುದಿಲ್ಲ.

ಬೆಡೋಕ್ ಅಮ್ಮ: ‘ಕಲಿಯಬಹುದಿತ್ತು’ ಅನ್ನುವುದು ಸುಲಭ. ನಮ್ಮ ಬ್ಲಾಕಿನಲ್ಲಿ ಹೊಕ್ಕಿಯನ್ ಅನ್ನುವ ಚೀನಿ ಉಪಭಾಷೆ ಆಡುವ ಅಜ್ಜಿಗೆ ಮ್ಯಾಂಡರಿನ್ ಸರಿಯಾಗಿ ಬರುವುದಿಲ್ಲ. ನರ್ಸ್ ಹೊಕ್ಕಿಯನ್‌ನಲ್ಲೇ ಮಾತಾಡಿಸುತ್ತಾರೆ. ಯಾಕೆ ಕಲಿಯಲಿಲ್ಲ ಅಂತ ಆಕೆಯನ್ನು ಯಾರೂ ಕೇಳಿಲ್ಲ. 2016ರಲ್ಲಿ ಸಕ್ಕರೆ ಕಾಯಿಲೆ ಮೇಲೆ ಯುದ್ಧ ಸಾರಿದ ಸರ್ಕಾರ ಇದು. ಭಾರತೀಯರಲ್ಲಿ ಚೀನಿಯರಿಗಿಂತ ಈ ಕಾಯಿಲೆ ಜಾಸ್ತಿ ಅಂತ ಹೇಳುವುದೂ ಅವರೇ.

ಕ್ಲಿನಿಕ್ ನರ್ಸ್: ‘ಮುಖ ನೋಡಿ’ ಅನ್ನಬೇಡಿ. ಗುರುತಿನ ಚೀಟಿಯಲ್ಲೇ ಇಂಡಿಯನ್ ಅಂತ ಇರುತ್ತದೆ. ಹೊರಗೆ ಇಪ್ಪತ್ತು ಜನ ಕಾಯುತ್ತಿರುತ್ತಾರೆ. ಇನ್ನು ಮುದ್ದೆ ಹಾಳೆಯಲ್ಲಿ ಇಲ್ಲದ್ದು ಒಳ್ಳೆಯದೇ ಆಯಿತು. 100 ಗ್ರಾಂ ರಾಗಿಯಲ್ಲಿ ಹತ್ತಿರ ಹತ್ತಿರ 70 ಗ್ರಾಂ ಕಾರ್ಬೋಹೈಡ್ರೇಟ್.

ಕೋಲಾರದವನು: ‘ಒಳ್ಳೆಯದೇ ಆಯಿತು’ ಅಂತೀರಾ? ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ನಮ್ಮಜ್ಜ ಎರಡು ಹೊತ್ತು ಮುದ್ದೆ ತಿಂದು 90 ದಾಟಿದರು. ಸಕ್ಕರೆ ಕಾಯಿಲೆ ಹತ್ತಿರ ಸುಳಿಯಲಿಲ್ಲ. ಅದೇ 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಎಷ್ಟಿದೆ, ಹೇಳಿ.

ಕ್ಲಿನಿಕ್ ನರ್ಸ್: ಕ್ಯಾಲ್ಸಿಯಂ ಮೂಳೆಗೆ ಅಣ್ಣ, ಸಕ್ಕರೆಗಲ್ಲ. ನಿಮ್ಮಜ್ಜ ಹೊಲದಲ್ಲಿ ಗುದ್ದಲಿ ಹಿಡಿದವರು. ಈ ಅಮ್ಮ ಫ್ಲಾಟ್‌ನಲ್ಲಿ ಕೂತಿರುವವರು. ನುಣ್ಣನೆ ಹಿಟ್ಟು ಬೇಗ ಸಕ್ಕರೆ ಏರಿಸುತ್ತದೆ. ತಿನ್ನಲೇಬೇಕು ಅಂದರೆ ಮುಷ್ಟಿಯಷ್ಟು ಒಂದೇ ಮುದ್ದೆ, ಜೊತೆಗೆ ಸೊಪ್ಪು, ಕಾಳು ಜಾಸ್ತಿ.

ಕೋಲಾರದವನು: ‘ಮುಷ್ಟಿಯಷ್ಟು’ ಅಂದಮೇಲೆ ತಿನ್ನಬಹುದು ಅಂತಾಯಿತು. ಮೊದಲು ಬೇಡ ಅಂದವರೂ ನೀವೇ.

ಕ್ಲಿನಿಕ್ ನರ್ಸ್: ಬೇಡ ಅಂತ ನಾನೆಲ್ಲಿ ಅಂದೆ? ತೋರಿಸಿ.

ಕರಾವಳಿ ಹುಡುಗ: ಕುಚ್ಚಲಕ್ಕಿ ಗಂಜಿ ಕೊಡಿ. ನಮ್ಮ ಕಡೆ ವಯಸ್ಸಾದವರಿಗೆ ಅದೇ.

ಕೋಲಾರದವನು: ಗಂಜಿ ಕುಡಿದರೆ ಸಕ್ಕರೆ ಏರುವುದಿಲ್ಲವಾ? ರಾಗಿ ಬಗ್ಗೆ ಮಾತ್ರ ಯಾಕೆ ಎಲ್ಲರಿಗೂ ಇಷ್ಟು ಉರಿ?

ತುಮಕೂರು ಸೊಸೆ: ದಯವಿಟ್ಟು ಸಾಕು ಮಾಡಿ. ನರ್ಸ್ ಅಕ್ಕ, ‘ಮುಷ್ಟಿಯಷ್ಟು ಒಂದೇ ಮುದ್ದೆ’ ಅಂತ ನೀವು ಒಂದು ಸಾಲಿನಲ್ಲಿ ಹೇಳಿದಿರಿ. ನಮ್ಮ ಅತ್ತೆಗೆ ಈ ಒಂದು ಸಾಲನ್ನು ಅಲ್ಲಿ ಯಾರೂ ಹೇಳಲಿಲ್ಲ. ನಾನು ಕೇಳುತ್ತಿರುವುದು ಅದನ್ನೇ.

ಸೆಂಗ್‌ಕಾಂಗ್ ವಾಸಿ: ‘ಯಾರೂ ಹೇಳಲಿಲ್ಲ’ ಅನ್ನುತ್ತೀರಿ. ಮನೆಯಲ್ಲಿ ನೀವಿದ್ದೀರಲ್ಲ. ಜೊತೆಗೆ ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ತುಮಕೂರು ಸೊಸೆ: ಹಿಂದೊಮ್ಮೆ ಹೋಗಿದ್ದೇನೆ ಸಾರ್, ಅರ್ಧ ದಿನ ರಜೆ ಹಾಕಿ. ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ, ಉರಿ ಇದೆಯಾ ಅಂತ ಡಾಕ್ಟರ್ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ನನ್ನ ಮುಖ ನೋಡಿ, ಏನೂ ಇಲ್ಲ ಅಂದುಬಿಡು ಅಂದರು. ಇದೆ ಅಂತ ನನಗೆ ಗೊತ್ತು. ಸೊಸೆ ಎದುರು ಅವರು ಅದನ್ನು ಬಾಯಿ ಬಿಟ್ಟು ಹೇಳುವವರಲ್ಲ.

ಬೆಡೋಕ್ ಅಮ್ಮ: ನಾನೂ ನನ್ನ ಮಗನ ಎದುರು ಹೇಳುವುದಿಲ್ಲ.

ಸೆಂಗ್‌ಕಾಂಗ್ ವಾಸಿ: ಅದು ಮನೆಯ ವಿಷಯ. ಅದಕ್ಕೆ ಕ್ಲಿನಿಕ್ ಏನು ಮಾಡಬೇಕು?

ಕೋಲಾರದವನು: ‘ನುಣ್ಣನೆ ಹಿಟ್ಟು’ ಅಂದಿರಲ್ಲ ನರ್ಸ್ ಅಕ್ಕ. ರಾಗಿಕಲ್ಲಿನಲ್ಲಿ ಬೀಸಿದ ತರಿ ಹಿಟ್ಟಾದರೆ? ಅದಕ್ಕಿನ್ನೂ ಉತ್ತರ ಬಂದಿಲ್ಲ.