ಮಗನ ಅಮೈಲೇಸ್ 312, ಹೊಟ್ಟೆನೋವೇ ಇಲ್ಲ. ಯಾರ ಮಕ್ಕಳಿಗಾದರೂ ಹೀಗಾಗಿತ್ತಾ?

ಪ್ರಶ್ನೆ (ಪುಟ್ಟನ ಅಮ್ಮ)
ಹುಡುಗನಿಗೆ 7 ವರ್ಷ. ಹೋದ ತಿಂಗಳು ಎರಡು ದಿನ ವಾಂತಿ ಮಾಡಿಕೊಂಡ ಅಂತ ರಕ್ತ ಪರೀಕ್ಷೆ ಮಾಡಿಸಿದೆವು, ಅಮೈಲೇಸ್ (ಪಿಷ್ಟ ಜೀರ್ಣಿಸುವ ಕಿಣ್ವವಂತೆ) 312 ಬಂತು. ಚೀಟಿಯಲ್ಲಿ 100ರ ಒಳಗಿರಬೇಕು ಅಂತಿದೆ. ಮೂರು ವಾರ ಬಿಟ್ಟು ಮಾಡಿಸಿದರೂ 298. ಲೈಪೇಸ್ (ಕೊಬ್ಬು ಜೀರ್ಣಿಸುವ ಕಿಣ್ವ) ಎರಡು ಸಲವೂ ನಾರ್ಮಲ್, ಸ್ಕ್ಯಾನಿಂಗ್‌ನಲ್ಲೂ ಏನಿಲ್ಲ. ಆರಾಮಾಗಿ ಸೈಕಲ್ ಹೊಡೆದುಕೊಂಡಿದ್ದಾನೆ. ನಮ್ಮತ್ತೆ ಮಾತ್ರ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಅಂತ ಕೇಳಿದ್ದೇ ತಡ, ಎಣ್ಣೆ ತುಪ್ಪ ಎಲ್ಲ ನಿಲ್ಲಿಸಿ ಮೂರು ಹೊತ್ತೂ ಗಂಜಿ ಕೊಡುತ್ತಿದ್ದಾರೆ. ನಿನ್ನೆ ಸ್ಟೂಲ್ ಹತ್ತಿ ಚಕ್ಕುಲಿ ಡಬ್ಬ ಇಳಿಸಿಕೊಂಡ. ಬೈಯಬೇಕೋ ಬೇಡವೋ?

ಲ್ಯಾಬ್ ಅಣ್ಣ
ಅಮೈಲೇಸ್ ಪ್ಯಾಂಕ್ರಿಯಾಸ್‌ನಿಂದ ಮಾತ್ರ ಅಲ್ಲ, ಎಂಜಲಿನ ಗ್ರಂಥಿಯಿಂದಲೂ ಬರುತ್ತದೆ. ಮಂಗನಬಾವು ಬಂದ ಮಕ್ಕಳಲ್ಲಿ ಏರುವುದು ಅದಕ್ಕೇ (ಸರ್ಕಾರಿ ಲಸಿಕೆಯಲ್ಲಿ ಎಂಆರ್, ಅಂದರೆ ದಡಾರ-ರುಬೆಲ್ಲಾದ್ದು ಇದೆ, ಮಂಗನಬಾವಿನದು ಸೇರಿಲ್ಲ). ಕೆನ್ನೆ ಊದಿತ್ತಾ? ಯಾವ ಕಡೆಯ ಅಮೈಲೇಸ್ ಅಂತ ಬೇರ್ಪಡಿಸಿ ನೋಡುವ ಪರೀಕ್ಷೆಯೂ ಇದೆ, ಎಲ್ಲ ಲ್ಯಾಬಲ್ಲೂ ಸಿಗಲ್ಲ.

ಇಬ್ಬರ ಅಪ್ಪ
ನನ್ನ ಮಗಳದ್ದೂ ಇದೇ ಕಥೆ. ಸುಮ್ನೆ ಎರಡು ಸಲ ಸಿ.ಟಿ. ಮಾಡಿಸಿ ದುಡ್ಡು ಕಳೆದೆ, ಕೊನೆಗೆ ಉತ್ತರ ಸಿಕ್ಕಿದ್ದು ಮೂತ್ರದಲ್ಲಿ! ಮ್ಯಾಕ್ರೋಅಮೈಲೇಸ್ ಅಂತಾರೆ. ಅಮೈಲೇಸ್ ಹೋಗಿ ರಕ್ತದಲ್ಲಿರುವ ಆಂಟಿಬಾಡಿಗೆ ಅಂಟಿಕೊಂಡು ದೊಡ್ಡ ಉಂಡೆಯಾಗುತ್ತದೆ, ಕಿಡ್ನಿಯ ಜರಡಿಯಲ್ಲಿ ಇಳಿಯಲ್ಲ, ರಕ್ತದಲ್ಲೇ ಉಳಿಯುತ್ತದೆ. ರಕ್ತ, ಮೂತ್ರ ಎರಡೂ ಒಂದೇ ಹೊತ್ತಿಗೆ ಕೊಡಿ. ಎರಡರಲ್ಲೂ ಅಮೈಲೇಸ್, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) ನೋಡಿ, ಕ್ರಿಯಾಟಿನಿನ್‌ಗೆ ಹೋಲಿಸಿದರೆ ಅಮೈಲೇಸ್ ಎಷ್ಟು ಮೂತ್ರಕ್ಕೆ ಇಳಿಯಿತು ಅಂತ ಲೆಕ್ಕ ಹಾಕುತ್ತಾರೆ, ಶೇ. 1ಕ್ಕಿಂತ ಕಡಿಮೆ ಬಂದರೆ ಹೆಚ್ಚುಕಡಿಮೆ ಇದೇ. ಔಷಧಿ, ಪಥ್ಯ ಯಾವುದೂ ಬೇಕಾಗಲಿಲ್ಲ. ಸೀಲಿಯಾಕ್, ಅಂದರೆ ಗೋಧಿ ಆಗದ ಕಾಯಿಲೆ ಇದ್ದವರಲ್ಲೂ ಇದು ಕಾಣಿಸುತ್ತದಂತೆ, ಅದನ್ನೂ ಒಮ್ಮೆ ನೋಡಿದರು.

ಮಕ್ಕಳ ಡಾಕ್ಟರು
ಮೇಲಿನವರು ಹೇಳಿದ್ದು ಸರಿ. ಲೈಪೇಸೂ ಏರಿದ್ದರೆ ಮಾತು ಬೇರೆ. ಎರಡೂ ಏರಿ, ಮಗು ಚೆನ್ನಾಗಿದ್ದು, ಸಂಖ್ಯೆ ಒಂದು ದಿನ ಜಾಸ್ತಿ ಒಂದು ದಿನ ನಾರ್ಮಲ್ ಅಂತ ಆಡುವುದಕ್ಕೆ ಗುಲ್ಲೋ ಸಿಂಡ್ರೋಮ್ ಅಂತ ಹೆಸರು. ಇಟಲಿಯ ಬೊಲೋನ್ಯಾದ ವೈದ್ಯ ಲೂಚಿಯೋ ಗುಲ್ಲೋ 1996ರಲ್ಲಿ ವಿವರಿಸಿದ್ದು. ಕೆಲವು ಮನೆಗಳಲ್ಲಿ ಅಪ್ಪ ಅಮ್ಮನಿಗೂ ಇರುತ್ತದೆ. ಆದರೆ ಒಂದೇ ಸಲಕ್ಕೆ ಹಾಗಂತ ತೀರ್ಮಾನ ಮಾಡಲ್ಲ, ಎಂಆರ್‌ಸಿಪಿ (ಪ್ಯಾಂಕ್ರಿಯಾಸ್, ಪಿತ್ತದ ನಾಳಗಳನ್ನು ತೋರಿಸುವ ಎಂಆರ್‌ಐ ಸ್ಕ್ಯಾನ್) ಮಾಡಿಸಿ ಕನಿಷ್ಠ ಒಂದು ವರ್ಷ ನೋಡುತ್ತೇವೆ. ಸಂಖ್ಯೆ ಮೂರು ಪಟ್ಟಾಯಿತು ಅಂತ ಅದೊಂದರಿಂದಲೇ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್ ಉರಿಯೂತ) ಅನ್ನಲಾಗದು, ನೋವೋ ಸ್ಕ್ಯಾನೋ ಒಂದು ಜೊತೆಗಿರಬೇಕು. ಮೇಲ್ಹೊಟ್ಟೆ ನೋವು ಬೆನ್ನಿಗೆ ಹೊಡೆದು ವಾಂತಿ ನಿಲ್ಲದಿದ್ದರೆ ಮಾತ್ರ ಇಲ್ಲಿ ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಪುಟ್ಟನ ಅಮ್ಮ
ಕೆನ್ನೆ ಊದಿರಲಿಲ್ಲ. ನಾಳೆ ನಮ್ಮ ಡಾಕ್ಟರ ಹತ್ತಿರ ಮೂತ್ರದ್ದೂ ಬರೆಸಿಕೊಳ್ಳುತ್ತೇನೆ. ಚಕ್ಕುಲಿ ವಿಚಾರ ನಮ್ಮತ್ತೆಗೆ ನೀವೇ ಯಾರಾದರೂ ಹೇಳಿ ಪುಣ್ಯ ಕಟ್ಟಿಕೊಳ್ಳಿ.