ಲಾರಿಯವರು ತಂದ 40,000 ರೂಪಾಯಿಯ ಕಾಗದ: ಸಹಿ ಮಾಡಬಹುದೇ?

ಪುಣೆಯ ನರ್ಹೆಯಿಂದ, ಪ್ರಶ್ನೆ:
ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆಯತ್ತ ಬರುವ ಇಳಿಜಾರಿನಲ್ಲಿ ಕಂಟೇನರ್ ಲಾರಿಯೊಂದು ನನ್ನ ತಮ್ಮನ ಬೈಕಿಗೆ ಹಿಂದಿನಿಂದ ಗುದ್ದಿ 12 ದಿನವಾಯಿತು. ಅವನಿಗೆ 34 ವರ್ಷ, ಪೇಂಟಿಂಗ್ ಕೆಲಸ. ಹೆಂಡತಿ ಮಕ್ಕಳು ವಿಜಯಪುರದಲ್ಲಿದ್ದಾರೆ. ತೊಡೆಯಲ್ಲಿ ರಾಡ್ ಇದೆ. ಲಾರಿ ಕಡೆಯವನೊಬ್ಬ 40,000 ರೂಪಾಯಿ ಮತ್ತು ಛಾಪಾ ಕಾಗದ ಹಿಡಿದು ವಾರ್ಡಿಗೇ ಬಂದಿದ್ದ. ಅನುಭವವಿದ್ದವರು ದಾರಿ ಹೇಳಿ.

ಪಿಂಪ್ರಿಯಿಂದ:
ಸಹಿ ಬೇಡ. ನಮ್ಮ ತಂದೆಗೆ ಟ್ರಕ್ ಗುದ್ದಿದಾಗ 30,000ಕ್ಕೆ ಸಹಿ ಹಾಕಿಬಿಟ್ಟೆವು. ಕಾಗದ ಮರಾಠಿಯಲ್ಲಿತ್ತು, ‘ತಪ್ಪು ನನ್ನದೇ’ ಎಂಬ ಸಾಲು ಅದರಲ್ಲಿದ್ದದ್ದು ವಿಮೆಯವರ ವಕೀಲರು ಕೋರ್ಟಿನಲ್ಲಿ ಓದಿದಾಗಲೇ ಗೊತ್ತಾಯಿತು. ಪೊಲೀಸರು ಬರೆದುಕೊಳ್ಳುವ ಹೇಳಿಕೆಯೂ ಹಾಗೆಯೇ. ಹತ್ತಾರು ವರ್ಷ ಇಲ್ಲಿದ್ದು ಮರಾಠಿ ಮಾತನಾಡುತ್ತೇವೆ, ಆದರೆ ಆ ಕೈಬರಹ ಓದುವುದು ಬೇರೆ ವಿದ್ಯೆ. ಓದಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ಎಫ್‌ಐಆರ್ ಮತ್ತು ಪಂಚನಾಮೆಯ (ಅಪಘಾತದ ಸ್ಥಳ ನೋಡಿ ಪೊಲೀಸರು ಬರೆಯುವ ದಾಖಲೆ) ಪ್ರತಿ ಪಡೆಯಿರಿ, ಬೈಕನ್ನು ರಿಪೇರಿಗೆ ಕೊಡುವ ಮೊದಲು ಫೋಟೊ ತೆಗೆಯಿರಿ.

ಹಡಪ್ಸರ್‌ನಿಂದ:
ಲಾರಿಯ ಮೇಲೆ ಬರೆದ ಹೆಸರನ್ನು ನಂಬಬೇಡಿ. ನೋಂದಣಿ ಸಂಖ್ಯೆ ಹಿಡಿದು ದಾಖಲೆಯಲ್ಲಿ ಮಾಲೀಕ ಯಾರು ಎಂದು ತಿಳಿದುಕೊಳ್ಳಿ, ವಿಮೆ ಜೀವಂತವಾಗಿದೆಯೇ ಎಂದು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿ. ನಮಗೆ ಸಿಕ್ಕ ಮಾಲೀಕ ‘ಗಾಡಿ ಮಾರಿ ವರ್ಷವಾಯಿತು’ ಎಂದ. ದಾಖಲೆಯಲ್ಲಿ ಹೆಸರಿದ್ದವನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಚಾಲಕನ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ಆ ಬಡಪಾಯಿಯ ಜೇಬಿನಲ್ಲಿ ಏನಿದೆ? ಪರಿಹಾರದ ಅರ್ಜಿಯಲ್ಲಿ ಮಾಲೀಕ ಮತ್ತು ವಿಮಾ ಕಂಪನಿ ಇಬ್ಬರೂ ಇರಬೇಕು.

ಧಾಯರಿಯಿಂದ:
ಪರಿಹಾರದ ಅರ್ಜಿಗೆ ಇಲ್ಲಿನ ಶಿವಾಜಿನಗರದ ಅಪಘಾತ ಪರಿಹಾರ ನ್ಯಾಯಮಂಡಳಿಗೇ ಹೋಗಬೇಕೆಂದಿಲ್ಲ. ಅರ್ಜಿದಾರ ವಾಸಿಸುವ ಊರಿನಲ್ಲೂ ಹಾಕಬಹುದು. ತಮ್ಮ ಚೇತರಿಸಿಕೊಳ್ಳಲು ಊರಿಗೆ ಹೋಗಿ ನೆಲೆಸುವುದಾದರೆ ವಕೀಲರನ್ನು ಕೇಳಿ ನೋಡಿ. ಕಲಾಪ ಕನ್ನಡದವರ ನಡುವೆ ನಡೆಯುತ್ತದೆ.

ಪಿಂಪ್ರಿಯಿಂದ, ಮತ್ತೆ:
ಇದಕ್ಕೆ ನನ್ನ ಒಪ್ಪಿಗೆಯಿಲ್ಲ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಪುಣೆಯಲ್ಲಿದ್ದಾರೆ. ಅವರನ್ನು ಸಾಕ್ಷಿಗೆ ವಿಜಯಪುರಕ್ಕೆ ಕರೆಸುವುದು ಹುಡುಗಾಟವೇ?

ಚಿಂಚವಡದಿಂದ:
ಲೆಕ್ಕ ನೋಡಿ, 40,000 ಎಷ್ಟು ಅಗ್ಗವೆಂದು ತಿಳಿಯುತ್ತದೆ. ತಿಂಗಳಿಗೆ 18,000 ದುಡಿಮೆ ಎಂದುಕೊಳ್ಳಿ. 34ರ ವಯಸ್ಸಿಗೆ ಗುಣಕ (ವರ್ಷದ ದುಡಿಮೆಯನ್ನು ಗುಣಿಸುವ ಅಂಕಿ) 16, ಇದು ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿ. ವರ್ಷಕ್ಕೆ 2,16,000, ಹದಿನಾರರಿಂದ ಗುಣಿಸಿದರೆ 34,56,000. ದುಡಿಯುವ ಶಕ್ತಿ ಶೇಕಡಾ 30 ಕುಗ್ಗಿತೆಂದರೂ 10,36,800. ಆಸ್ಪತ್ರೆ ಖರ್ಚು ಬೇರೆ. ಕಾಲು ಎಷ್ಟು ಊನವಾಯಿತು ಎನ್ನುವುದಕ್ಕಿಂತ ದುಡಿಮೆ ಎಷ್ಟು ಹೋಯಿತು ಎನ್ನುವುದು ಮುಖ್ಯ: ಏಣಿ ಹತ್ತಲಾಗದ ಪೇಂಟರ್‌ನ ಕಷ್ಟ ಗುಮಾಸ್ತನಿಗೆ ಇರುವುದಿಲ್ಲ. ಆದಾಯಕ್ಕೆ ಪುರಾವೆ ಹುಡುಕಿ. ಗುತ್ತಿಗೆದಾರನ ಡೈರಿ, ಮೊಬೈಲ್‌ಗೆ ಬಂದ ಹಣದ ಪಟ್ಟಿ, ಏನಾದರೂ ಸರಿ.

2022ರ ಏಪ್ರಿಲ್‌ನಿಂದ ಮೋಟಾರು ವಾಹನ ಕಾಯ್ದೆಯಲ್ಲಿ ಅರ್ಜಿ ಹಾಕಲು 6 ತಿಂಗಳ ಗಡುವು ಇದೆ, ಹೊಲಿಗೆ ಒಣಗಲಿ ಎಂದು ಕಾಯಬೇಡಿ. ತಪ್ಪು ಸಾಬೀತುಪಡಿಸದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ಸಿಗುವ ದಾರಿಯೂ ಉಂಟು, ಆದರೆ ಅದನ್ನು ಒಪ್ಪಿಕೊಂಡರೆ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ.

ನರ್ಹೆಯಿಂದ:
ಆ ಮನುಷ್ಯ ಇಂದು ಸಂಜೆ ಮತ್ತೆ ಬಂದಿದ್ದ. ಕಾಗದದ ಪ್ರತಿ ಕೊಡಿ, ವಕೀಲರಿಗೆ ತೋರಿಸುತ್ತೇನೆ ಎಂದೆ. ಪ್ರತಿ ಕೊಡಲಿಲ್ಲ, 75,000 ಎಂದ.