ಕ್ಲೌಡ್ ರೆಂಡರ್ ಎಸ್ಟಿಮೇಟ್ ಒಂದು, ಬಿಲ್ ಇನ್ನೊಂದು: 90 ಸೆಕೆಂಡ್ ಅನಿಮೇಶನ್‌ಗೆ ಲೆಕ್ಕ ಹೇಗೆ ಹಾಕೋದು?

ರಾಜಾಜಿನಗರ_ಫ್ರೇಮ್ಸ್:
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಸಣ್ಣ ಸ್ಟುಡಿಯೊ ನಡೆಸುತ್ತೇವೆ, ಇಬ್ಬರೇ ಇರೋದು. ಈಗ 90 ಸೆಕೆಂಡಿನ ಒಂದು ಜಾಹೀರಾತು ಬಂದಿದೆ. 3ಡಿ ಸಾಫ್ಟ್‌ವೇರ್ ಬ್ಲೆಂಡರ್, ಅದರ ಸೈಕಲ್ಸ್ ರೆಂಡರ್ ಎಂಜಿನ್ (3ಡಿ ದೃಶ್ಯದಿಂದ ಒಂದೊಂದು ಚಿತ್ರ ಮೂಡಿಸುವ ಭಾಗ), 1080ಪಿ, ಸೆಕೆಂಡಿಗೆ 24 ಫ್ರೇಮ್, ಅಂದರೆ ಒಟ್ಟು 2,160 ಫ್ರೇಮ್. ನಮ್ಮ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಮೊದಲನೇ ಫ್ರೇಮ್‌ಗೆ 3 ನಿಮಿಷ ಹಿಡಿಯಿತು. ಅದನ್ನೇ ಒಂದು ರೆಂಡರ್ ಫಾರ್ಮ್‌ನ (ರೆಂಡರ್ ಮಾಡಲು ಇಂಟರ್ನೆಟ್ ಮೂಲಕ ಮೆಷಿನ್ ಬಾಡಿಗೆಗೆ ಕೊಡುವವರು) ಕ್ಯಾಲ್ಕುಲೇಟರ್‌ಗೆ ಹಾಕಿ ಬಂದ ಮೊತ್ತ ಇಟ್ಟುಕೊಂಡು, ಮಳೆಯ ಶಾಟ್‌ನ ಸ್ವಲ್ಪ ಫ್ರೇಮ್‌ಗಳನ್ನು ಟ್ರಯಲ್‌ಗೆ ಕಳಿಸಿದೆವು. ಫ್ರೇಮ್ ಲೆಕ್ಕದಲ್ಲಿ ನೋಡಿದರೆ ಹತ್ತಿರ ಹತ್ತಿರ ಎರಡರಷ್ಟು ದುಡ್ಡು ಕಟ್ ಆಗಿದೆ. ಕ್ಲೈಂಟ್‌ಗೆ ಶುಕ್ರವಾರದೊಳಗೆ ಕೊಟೇಶನ್ ಕೊಡಬೇಕು. ಎಲ್ಲಿ ತಪ್ಪುತ್ತಿದೆ?

ಸ್ಯಾಂಪಲ್_ಲೆಕ್ಕ:
ಮೊದಲನೇ ಫ್ರೇಮ್‌ನಲ್ಲಿ ಏನಿದೆ? ನಾಯ್ಸ್ ಥ್ರೆಶೋಲ್ಡ್ (ಚಿತ್ರದಲ್ಲಿ ಎಷ್ಟು ಕಾಳುಕಾಳು ಉಳಿದರೂ ಪರವಾಗಿಲ್ಲ ಅನ್ನುವ ಮಿತಿ) ಆನ್ ಇದೆಯಾ? ಮ್ಯಾಕ್ಸ್ ಸ್ಯಾಂಪಲ್ (ಒಂದು ಪಿಕ್ಸೆಲ್‌ಗೆ ಹೆಚ್ಚೆಂದರೆ ಎಷ್ಟು ಸಲ ಬೆಳಕಿನ ಲೆಕ್ಕ ಹಾಕಬೇಕು ಅನ್ನೋದು) ಎಷ್ಟು? ಫಾರ್ಮ್‌ನ ಲಾಗ್‌ನಲ್ಲಿ ಸ್ಯಾಂಪಲಿಂಗ್ ಶುರುವಾಗುವ ಮುಂಚೆ ಎಷ್ಟು ಹೊತ್ತು ಹೋಗಿದೆ ಅಂತಲೂ ನೋಡಿ ಹೇಳಿ.

ರಾಜಾಜಿನಗರ_ಫ್ರೇಮ್ಸ್:
ಮೊದಲನೇ ಫ್ರೇಮ್ ಬೆಳಗಿನ ಖಾಲಿ ರಸ್ತೆ. ಮಳೆಯ ಶಾಟ್ ರಾತ್ರಿಯದ್ದು, ಗಾಜು, ಮಂಜು, ನೀರಿನಲ್ಲಿ ಬೀದಿದೀಪ ಎಲ್ಲಾ ಇದೆ. ಥ್ರೆಶೋಲ್ಡ್ 0.01, ಮ್ಯಾಕ್ಸ್ 1,024. ಲಾಗ್‌ನಲ್ಲಿ ಪ್ರತಿ ಫ್ರೇಮ್‌ಗೂ ಸುಮಾರು ಒಂದೂವರೆ ನಿಮಿಷ ಬರೀ ಲೋಡಿಂಗ್.

ಸ್ಯಾಂಪಲ್_ಲೆಕ್ಕ:
ಹಾಗಾದರೆ ಕ್ಯಾಲ್ಕುಲೇಟರ್ ಸರಿಯಾಗೇ ಇದೆ, ಅದಕ್ಕೆ ಕೊಟ್ಟ ಫ್ರೇಮ್ ನಿಮ್ಮ ಫಿಲ್ಮ್‌ನ ಅತಿ ಹಗುರವಾದದ್ದು. ಭಾನುವಾರ ಬೆಳಗ್ಗೆ ಹೆಬ್ಬಾಳ ಫ್ಲೈಓವರ್ ದಾಟಿದ ಟೈಮ್ ಇಟ್ಟುಕೊಂಡು ಸೋಮವಾರ ಸಂಜೆಗೆ ಲೆಕ್ಕ ಹಾಕಿದ ಹಾಗೆ ಇದು. ನಾಯ್ಸ್ ಥ್ರೆಶೋಲ್ಡ್ ಆನ್ ಇದ್ದಾಗ ಸೈಕಲ್ಸ್ ಎಲ್ಲಾ ಪಿಕ್ಸೆಲ್‌ಗೂ 1,024 ಸ್ಯಾಂಪಲ್ ಹಾಕುವುದಿಲ್ಲ, ನಾಯ್ಸ್ ಸಾಕಷ್ಟು ಕಡಿಮೆಯಾದ ಕಡೆ ಅಲ್ಲಿಗೇ ನಿಲ್ಲಿಸುತ್ತದೆ. ಬೆಳಕು ಚೆನ್ನಾಗಿರುವ ಖಾಲಿ ರಸ್ತೆ ಬೇಗ ಮುಗಿಯುತ್ತದೆ. ಕತ್ತಲೆ, ಗಾಜು, ಮಂಜು ಇರುವ ಫ್ರೇಮ್ ಕೊನೆವರೆಗೂ ಎಳೆಯುತ್ತದೆ.

ಅದಕ್ಕೇ ಒಂದು ಫ್ರೇಮ್ ನೋಡಿ ಲೆಕ್ಕ ಹಾಕಲೇಬೇಡಿ. ಔಟ್‌ಪುಟ್ ಪ್ರಾಪರ್ಟೀಸ್‌ನಲ್ಲಿ ಫ್ರೇಮ್ ರೇಂಜ್ ಕೆಳಗೆ ‘ಸ್ಟೆಪ್’ ಅಂತ ಇದೆಯಲ್ಲ, ಅದಕ್ಕೆ 50 ಕೊಡಿ. 1, 51, 101 ಹೀಗೆ 2,160ರಲ್ಲಿ 44 ಫ್ರೇಮ್ ಮಾತ್ರ ರೆಂಡರ್ ಆಗುತ್ತವೆ, ಆದರೆ ಇಡೀ ಫಿಲ್ಮ್ ಉದ್ದಕ್ಕೂ ಹರಡಿರುತ್ತವೆ. ಇದನ್ನು ಮನೆಯಲ್ಲಿ ಮಾಡಬೇಡಿ, ನೀವು ಬಾಡಿಗೆಗೆ ತೆಗೆದುಕೊಳ್ಳುವ ಮೆಷಿನ್‌ನಲ್ಲೇ ಮಾಡಿ. ಫಾರ್ಮ್‌ಗಳು ಸಿಪಿಯುಗೆ ಗಿಗಾಹರ್ಟ್ಸ್-ಗಂಟೆ, ಜಿಪಿಯುಗೆ (ಗ್ರಾಫಿಕ್ಸ್ ಚಿಪ್) ಆಕ್ಟೇನ್‌ಬೆಂಚ್ ಅನ್ನುವ ವೇಗದ ಅಂಕ ಇಟ್ಟುಕೊಂಡು ಆಕ್ಟೇನ್‌ಬೆಂಚ್-ಗಂಟೆ ಅಂತೆಲ್ಲಾ ರೇಟ್ ಹಾಕುತ್ತವೆ, ನಿಮ್ಮ 3060ಯ ನಿಮಿಷವನ್ನು ಅದಕ್ಕೆ ಹೊಂದಿಸಲು ಹೋದರೆ ಅಂದಾಜಿನ ಮೇಲೆ ಅಂದಾಜು ಆಗುತ್ತದೆ. ಬಂದ ಟೈಮ್‌ಗಳನ್ನು ಶಾಟ್ ಪ್ರಕಾರ ಬೇರೆ ಮಾಡಿ ಇಲ್ಲಿ ಹಾಕಿ.

ರಾಜಾಜಿನಗರ_ಫ್ರೇಮ್ಸ್:
ಮಾಡಿ ನೋಡಿದೆ. ಹಗಲಿನ ಶಾಟ್‌ಗಳು 1,300 ಫ್ರೇಮ್, ಸರಾಸರಿ 3 ನಿಮಿಷ. ಮಳೆಯವು 860 ಫ್ರೇಮ್, ಸರಾಸರಿ 6 ನಿಮಿಷ. ಡೆಡ್‌ಲೈನ್ ಹತ್ತಿರ ಇದೆ, ಮೆಷಿನ್ ಜಾಸ್ತಿ ಹಾಕಿದರೆ ದುಡ್ಡೂ ಜಾಸ್ತಿ ಆಗುತ್ತಾ?

ಸ್ಯಾಂಪಲ್_ಲೆಕ್ಕ:
ಹಗಲಿನದು 3,900 ನಿಮಿಷ, 65 ಗಂಟೆ. ಮಳೆಯದು 5,160 ನಿಮಿಷ, 86 ಗಂಟೆ. ಒಟ್ಟು 151 ಮೆಷಿನ್-ಗಂಟೆ. ಎಲ್ಲಕ್ಕೂ 3 ನಿಮಿಷ ಅಂತ ಹಿಡಿದಿದ್ದರೆ 108 ಬರುತ್ತಿತ್ತು. ಗಂಟೆಗೆ 100 ರೂಪಾಯಿ ಅಂತ ಉದಾಹರಣೆಗೆ ಇಟ್ಟುಕೊಂಡರೆ 15,100. ಕ್ಲೈಂಟ್ ಬದಲಾವಣೆ ಹೇಳೇ ಹೇಳುತ್ತಾರೆ, ಕೆಲವು ಫ್ರೇಮ್ ಮತ್ತೆ ಮಾಡಲೇಬೇಕು, ಅದಕ್ಕೆ ಕಾಲು ಭಾಗ ಸೇರಿಸಿದರೆ 18,875. ಮೇಲೆ 18% ಜಿಎಸ್‌ಟಿ, ಸುಮಾರು 22,270. ಹೊರದೇಶದ ಕಂಪನಿಗೆ ಕಾರ್ಡ್‌ನಲ್ಲಿ ಕಟ್ಟಿದರೆ ಬ್ಯಾಂಕ್‌ನ ಫಾರೆಕ್ಸ್ ಮಾರ್ಕಪ್ ಬೇರೆ, ಹಲವು ಕಾರ್ಡ್‌ಗಳಲ್ಲಿ ಅದು 3.5% ವರೆಗೂ ಇದೆ.

ಮೆಷಿನ್ ಸಂಖ್ಯೆ ಟೈಮನ್ನು ಬದಲಿಸುತ್ತದೆ, ದುಡ್ಡನ್ನು ಅಷ್ಟಾಗಿ ಅಲ್ಲ. 10 ಮೆಷಿನ್ ಹಾಕಿದರೆ ಸುಮಾರು 15 ಗಂಟೆ, 151 ಗಂಟೆಯ ಬಾಡಿಗೆ ಅಷ್ಟೇ ಇರುತ್ತದೆ. ಆದರೆ ಪ್ರತಿ ಮೆಷಿನ್ ಎದ್ದು ನಿಂತು ಪ್ರಾಜೆಕ್ಟ್ ಫೈಲ್ ಇಳಿಸಿಕೊಳ್ಳುವುದಕ್ಕೂ ಮೀಟರ್ ಓಡುತ್ತಿದ್ದರೆ, ಅದಕ್ಕೆ 12 ನಿಮಿಷ ಅಂದುಕೊಳ್ಳಿ, 10 ಮೆಷಿನ್‌ಗೆ 2 ಗಂಟೆ ಹೋಗುತ್ತದೆ, 100 ಮೆಷಿನ್‌ಗೆ 20 ಗಂಟೆ. ನಿಮಗೆ 10–15 ಸಾಕು.

ಇನ್ನು ಆ ಒಂದೂವರೆ ನಿಮಿಷದ ಲೋಡಿಂಗ್. 860 ಫ್ರೇಮ್‌ಗೆ ಲೆಕ್ಕ ಹಾಕಿದರೆ 21.5 ಗಂಟೆ, ಒಂದು ಪಿಕ್ಸೆಲ್ ಕೂಡ ಮೂಡದೆ ದುಡ್ಡು ಹೋಗುತ್ತಿದೆ! ಒಂದು ಟಾಸ್ಕ್‌ಗೆ (ಮೆಷಿನ್‌ಗೆ ಒಂದು ಸಲಕ್ಕೆ ಕೊಡುವ ಕೆಲಸ) ಒಂದೇ ಫ್ರೇಮ್ ಅಂತ ಸೆಟ್ ಆಗಿರಬಹುದು, ಆಗ ಪ್ರತಿ ಸಲವೂ ಬ್ಲೆಂಡರ್ ಹೊಸದಾಗಿ ತೆರೆದು ಎಲ್ಲಾ ಟೆಕ್ಸ್‌ಚರ್ ಮತ್ತೆ ಓದುತ್ತದೆ. ಟಾಸ್ಕ್‌ಗೆ 10–20 ಫ್ರೇಮ್ ಕೊಟ್ಟು ಓದಿದ್ದನ್ನು ಮುಂದಿನ ಫ್ರೇಮ್‌ಗೂ ಮೆಮೊರಿಯಲ್ಲೇ ಉಳಿಸುವ ‘ಪರ್ಸಿಸ್ಟೆಂಟ್ ಡೇಟಾ’ ಆನ್ ಮಾಡಿ. ಮೆಮೊರಿ ಜಾಸ್ತಿ ತಿನ್ನುತ್ತದೆ, ಹಾಗಾಗಿ ಮೊದಲು ಒಂದೇ ಟಾಸ್ಕ್ ಬಿಟ್ಟು ನೋಡಿ.

ಸ್ಪಾಟ್_ಮೆಷಿನ್:
ಫಾರ್ಮ್ ಬೇಡ, ನೇರವಾಗಿ ಅಮೆಜಾನ್‌ನ ಕ್ಲೌಡ್ ಎಡಬ್ಲ್ಯುಎಸ್‌ನಲ್ಲೇ ಮಾಡ್ತೀನಿ ಅಂದರೆ ಇವತ್ತೇ ಕೋಟಾ (ಎಷ್ಟು ಮೆಷಿನ್ ತೆಗೆದುಕೊಳ್ಳಬಹುದು ಅನ್ನುವ ಮಿತಿ) ನೋಡಿಕೊಳ್ಳಿ. ಹೊಸ ಅಕೌಂಟ್‌ಗಳಲ್ಲಿ ಜಿಪಿಯು ಮೆಷಿನ್‌ಗಳ ಕೋಟಾ ಸೊನ್ನೆ ಇರೋದು ಸಾಮಾನ್ಯ, ರಿಕ್ವೆಸ್ಟ್ ಹಾಕಿ ಒಪ್ಪಿಗೆಗೆ ಕಾಯಬೇಕು. ಮುಂಬೈ, ಹೈದರಾಬಾದ್ ಎರಡೂ ಕಡೆ ರೀಜನ್ (ಅವರ ಡೇಟಾ ಸೆಂಟರ್‌ಗಳ ಗುಂಪು) ಇದೆ, ಕೋಟಾ ಮಾತ್ರ ಒಂದೊಂದು ರೀಜನ್‌ಗೂ ಬೇರೆ ಬೇರೆ. ಸ್ಪಾಟ್ ಮೆಷಿನ್, ಅಂದರೆ ಬೇರೆಯವರು ಬಳಸದೆ ಖಾಲಿ ಉಳಿದದ್ದು, ತುಂಬಾ ಅಗ್ಗ, ಆದರೆ 2 ನಿಮಿಷದ ನೋಟಿಸ್ ಕೊಟ್ಟು ಕಿತ್ತುಕೊಳ್ಳುತ್ತಾರೆ. ನಿಮ್ಮ ಫ್ರೇಮ್ 6 ನಿಮಿಷದ್ದು, ನಡೆಯುತ್ತಿದ್ದ ಫ್ರೇಮ್ ಹೋಗಬಹುದು. ಉಳಿದದ್ದು ಉಳಿಯಬೇಕಾದರೆ ಔಟ್‌ಪುಟ್ ಎಂಪಿ4 ಬೇಡ, ಒಂದೊಂದು ಫ್ರೇಮ್ ಬೇರೆ ಇಎಕ್ಸ್‌ಆರ್ ಚಿತ್ರದ ಫೈಲ್ ಆಗಿ ಮೆಷಿನ್ ಹೊರಗಿನ ಸ್ಟೋರೇಜ್‌ಗೆ ಹೋಗಲಿ. ‘ಓವರ್‌ರೈಟ್’ (ಇರುವ ಫೈಲ್ ಮೇಲೆ ಮತ್ತೆ ಬರೆಯುವುದು) ಆಫ್, ‘ಪ್ಲೇಸ್‌ಹೋಲ್ಡರ್ಸ್’ (ಶುರು ಮಾಡಿದ ಫ್ರೇಮ್‌ಗೆ ಖಾಲಿ ಫೈಲ್ ಇಡುವುದು) ಆನ್. ಮೆಷಿನ್ ಅರ್ಧಕ್ಕೆ ಸತ್ತರೆ ಸೊನ್ನೆ ಬೈಟ್‌ನ ಫೈಲ್ ಉಳಿದುಬಿಡುತ್ತದೆ, ಅದನ್ನು ಅಳಿಸದಿದ್ದರೆ ಮುಂದಿನ ರನ್ ಆ ಫ್ರೇಮನ್ನು ಮುಗಿದಿದೆ ಅಂತ ದಾಟಿ ಹೋಗುತ್ತದೆ.

ಡೌನ್‌ಲೋಡ್ ಲೆಕ್ಕವನ್ನೂ ಮರೀಬೇಡಿ. ಇಎಕ್ಸ್‌ಆರ್ ಒಂದಕ್ಕೆ 40 ಎಂಬಿ ಅಂದರೂ ಒಟ್ಟು 86 ಜಿಬಿ, 100 ಎಂಬಿಪಿಎಸ್ ಲೈನ್‌ನಲ್ಲಿ ಎರಡು ಗಂಟೆ ಹತ್ತಿರ. ಡೇಟಾ ಹೊರತೆಗೆಯಲು ಕ್ಲೌಡ್‌ನವರು ಬೇರೆ ಚಾರ್ಜ್ ಮಾಡುತ್ತಾರೆ, ಬೇಡದ ಪಾಸ್‌ಗಳನ್ನು (ಫೈಲ್ ಒಳಗೆ ಬೇರೆ ಬೇರೆಯಾಗಿ ಉಳಿಯುವ ಪದರಗಳು) ಮೊದಲೇ ತೆಗೆದುಬಿಡಿ.

ಕೀಫ್ರೇಮ್_ಅಕ್ಕ:
ಮಳೆ ಪಾರ್ಟಿಕಲ್ ಸಿಮ್ಯುಲೇಶನ್ ಆದರೆ ಬೇಕ್ ಮಾಡಿ (ಹನಿಗಳ ಚಲನೆ ಮೊದಲೇ ಲೆಕ್ಕ ಹಾಕಿ ಉಳಿಸಿ) ಕ್ಯಾಶ್ ಫೋಲ್ಡರ್ ಸಮೇತ ಕಳಿಸಿ. ಇಲ್ಲದಿದ್ದರೆ ಟಾಸ್ಕ್ ಬದಲಾದ ಕಡೆ ಹನಿಗಳು ಜಿಗಿದ ಹಾಗೆ ಕಾಣಬಹುದು, ಮತ್ತೆ ಅಷ್ಟೂ ಫ್ರೇಮ್‌ಗೆ ದುಡ್ಡು.

ಇನ್ನೊಂದು, ಹಗಲಿನ ಶಾಟ್‌ಗಳನ್ನು ಕ್ಲೌಡ್‌ಗೆ ಕಳಿಸೋದು ಯಾಕೆ? ನಿಮ್ಮ 3060ಯಲ್ಲೂ ಫ್ರೇಮ್‌ಗೆ ಅದೇ 3 ನಿಮಿಷ ಹಿಡಿದರೆ ಸುಮಾರು 65 ಗಂಟೆ. ಕಂಪ್ಯೂಟರ್ 350 ವ್ಯಾಟ್ ಎಳೆದರೆ ಸುಮಾರು 23 ಯೂನಿಟ್, ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಬೆಸ್ಕಾಂ ಬಿಲ್‌ಗೆ 160 ರೂಪಾಯಿ ಸೇರುತ್ತದೆ ಅಷ್ಟೇ. ರಾತ್ರಿ ಹೊತ್ತು ಓಡಿಸಿ, ಯುಪಿಎಸ್ ಇರಲಿ. ಮಳೆಯದನ್ನು ಮಾತ್ರ ಹೊರಗೆ ಕೊಡಿ.

ರಾಜಾಜಿನಗರ_ಫ್ರೇಮ್ಸ್:
ತುಂಬಾ ಥ್ಯಾಂಕ್ಸ್, ಟಾಸ್ಕ್‌ಗೆ ನಿಜವಾಗಲೂ ಒಂದೇ ಫ್ರೇಮ್ ಇತ್ತು. 15 ಮಾಡಿದ ಮೇಲೆ ಮಳೆಯ ಫ್ರೇಮ್ ಸರಾಸರಿ ನಾಲ್ಕು ಮುಕ್ಕಾಲು ನಿಮಿಷಕ್ಕೆ ಇಳಿದಿದೆ. ಹಗಲಿನದು ಮನೆಯಲ್ಲೇ ಮಾಡ್ತೀವಿ. ಥ್ರೆಶೋಲ್ಡ್ 0.03ಕ್ಕೆ ಏರಿಸಿ ಡಿನಾಯ್ಸ್ ಮಾಡಿದರೆ (ಉಳಿದ ನಾಯ್ಸ್ ಅನ್ನು ಸಾಫ್ಟ್‌ವೇರ್‌ನಲ್ಲಿ ಒರೆಸಿದರೆ) ಇನ್ನೂ ಉಳಿಸಬಹುದಾ?

ಸ್ಯಾಂಪಲ್_ಲೆಕ್ಕ:
ಉಳಿಸಬಹುದು, ಆದರೆ ಒಂದು ಸ್ಟಿಲ್ ನೋಡಿ ಒಪ್ಪಿಕೊಳ್ಳಬೇಡಿ. ಡಿನಾಯ್ಸರ್ ಪ್ರತಿ ಫ್ರೇಮನ್ನೂ ಬೇರೆಬೇರೆಯಾಗಿ ಸರಿ ಮಾಡಿದಾಗ ಒದ್ದೆ ರಸ್ತೆ, ಮಂಜಿನಂಥ ಕಡೆ ಓಡಿಸಿ ನೋಡಿದರೆ ಮಿಣುಕು ಕಾಣುತ್ತದೆ. ಮಳೆಯ ಶಾಟ್‌ನಲ್ಲಿ ಒಂದರ ಹಿಂದೆ ಒಂದು 48 ಫ್ರೇಮ್ ಮಾಡಿಸಿ, ಎರಡು ಸೆಕೆಂಡ್ ಆಗುತ್ತದೆ, ಲೂಪ್‌ನಲ್ಲಿ ಹಾಕಿ ದೊಡ್ಡ ಪರದೆಯಲ್ಲಿ ನೋಡಿ. ಮಿಣುಕಿದರೆ 0.02ಕ್ಕೆ ಇಳಿಸಿ ಮತ್ತೊಮ್ಮೆ ನೋಡಿ. ಕೊಟೇಶನ್ ಮಾತ್ರ ಈಗಿನ 0.01ರ ಟೈಮ್ ಮೇಲೆಯೇ ಕೊಡಿ. ಫಾರ್ಮ್‌ನಲ್ಲಿ ಖರ್ಚಿನ ಮಿತಿ ಹಾಕುವ ಆಯ್ಕೆ ಇದ್ದರೆ ಜಾಬ್ ಬಿಡುವ ಮುಂಚೆ ಅದನ್ನೂ ಸೆಟ್ ಮಾಡಿ.